ಗೆರೆ ಪಕ್ಕ ನಿಂತ ಹಾಲ್ವರ್

ನಾರ್ವೆ ದೇಶಕ್ಕೆ ಫುಟ್‌ಬಾಲ್ ಇನ್ನೂ ಹೊಸದಾಗಿದ್ದ ಕಾಲ. ನದಿದಡದ ಒಂದು ಊರಿನಲ್ಲಿ ಸೋರೆನ್ ಎಂಬ ಗುರು ಇದ್ದ. ಒಣಮೀನಿನ ವ್ಯಾಪಾರ ಬಿಟ್ಟು ಆಟ ಕಲಿಸುತ್ತಿದ್ದ.

ಅವನ ಶಿಷ್ಯ ಹಾಲ್ವರ್. ವಾರವೆಲ್ಲ ಮರದ ಮಿಲ್ಲಿನಲ್ಲಿ ದುಡಿತ, ಭಾನುವಾರ ಆಟ. ಬಲಗಡೆಯ ಗೆರೆಗುಂಟ ಅವನು ಓಡಿದರೆ ಹಿಡಿಯುವವರೇ ಇರಲಿಲ್ಲ. ದೇಶದ ಪರವಾಗಿಯೂ ಆಡಿ ಬಂದಿದ್ದ. ಊರೂರಿಗೆ ಅವನ ಹೆಸರು ಗೊತ್ತಿತ್ತು.

ಗೆಲ್ಲದೆ ಉಳಿದದ್ದು ದೇಶದ ಕಪ್ ಒಂದೇ.

ಆ ವರ್ಷ ಊರಿನ ತಂಡ ಅದರ ಫೈನಲ್ ತಲುಪಿತು. ಎರಡೂ ಕಡೆ ಗೋಲು ಸಮ. ವಿರಾಮಕ್ಕೆ ಸ್ವಲ್ಪ ಮುಂಚೆ ಹಾಲ್ವರ್ ಬಿದ್ದ. ಮಂಡಿ ತಿರುಚಿತು.

ವಿರಾಮದಲ್ಲಿ ಮೈದಾನದ ಪಕ್ಕದ ಗುಡಿಸಲಿನಲ್ಲಿ ಕೂತು ಅವನು ಬೂಟಿನ ದಾರ ಬಿಚ್ಚತೊಡಗಿದ.

“ಯಾಕೆ ಬಿಚ್ತಿದ್ದೀಯ?”

“ಓಡೋಕಾಗಲ್ಲ ಗುರುಗಳೇ. ಮುಗೀತು ನನ್ನ ಕಥೆ.”

ಆಗೆಲ್ಲ ಗಾಯಗೊಂಡವನ ಬದಲಿಗೆ ಇನ್ನೊಬ್ಬನನ್ನು ಇಳಿಸುವಂತಿರಲಿಲ್ಲ. ಹಾಲ್ವರ್ ಕೂತರೆ ಉಳಿಯುವುದು ಹತ್ತೇ ಜನ.

“ಓಡು ಅಂತ ನಿನಗೆ ಯಾರು ಹೇಳಿದ್ರು?”

ಗುರು ನೆಲಕ್ಕೆ ಕೂತು ದಾರವನ್ನು ಮತ್ತೆ ಬಿಗಿದ. ಒದ್ದೆ ಬಟ್ಟೆಯಿಂದ ಶಿಷ್ಯನ ಮುಖದ ಕೆಸರು ಒರೆಸಿದ.

“ಗೆರೆ ಪಕ್ಕ ಹೋಗಿ ನಿಲ್ಲು. ಈಗಲೋ ಆಗಲೋ ಓಡ್ತೀಯ ಅನ್ನೋ ಹಾಗೆ ನಿಲ್ಲು. ಕಾಲು ಮಾತ್ರ ಎತ್ತಬೇಡ.”

“ಚೆಂಡು ಬಂದರೆ?”

“ಬಂದ ಹಾಗೇ ಹೋಗಲಿ.”

“ಜನ ಉಗೀತಾರೆ.”

“ಒರೆಸ್ಕೋ.”

ಹಾಲ್ವರ್ ಹಲ್ಲು ಕಚ್ಚಿ, ಕುಂಟದೆ ನಡೆದುಹೋಗಿ ನಿಂತ. ಅವನು ಬಿದ್ದದ್ದನ್ನು ಎದುರಾಳಿಗಳು ನೋಡಿದ್ದರು. ಪೆಟ್ಟು ಎಷ್ಟೆಂದು ತಿಳಿದಿರಲಿಲ್ಲ. ಇಬ್ಬರು ಬಂದು ಅವನಿಗೆ ಕಾವಲು ನಿಂತರು.

“ಏನು ಮಹಾರಾಯ, ಬೇರು ಬಿಟ್ಯಾ?” ಒಬ್ಬ ಕೆಣಕಿದ.

“ಅವಸರ ಏನಿದೆ? ಇನ್ನೂ ಹೊತ್ತಿದೆ,” ಎಂದ ಹಾಲ್ವರ್.

ಚೆಂಡು ಅವನ ಕಡೆಗೇ ಉರುಳಿ ಬಂತು. ಎರಡು ಹೆಜ್ಜೆ ಹಾಕಿದ್ದರೆ ಸಿಗುತ್ತಿತ್ತು. ಅಂಥ ಚೆಂಡನ್ನು ಅವನು ಹುಟ್ಟಿದಾಗಿನಿಂದ ಬಿಟ್ಟವನಲ್ಲ. ಮುಷ್ಟಿ ಬಿಗಿಹಿಡಿದು ಅದನ್ನು ಹೋಗಬಿಟ್ಟ. ಚೆಂಡು ಗೆರೆ ದಾಟಿತು.

“ಥೂ! ಆಟಗಾರನ್ನ ಇಳಿಸಿದ್ದೀರೋ, ಕಂಬ ನೆಟ್ಟಿದ್ದೀರೋ?” ಜನ ಕೂಗಿದರು.

ಕಾವಲಿನವನೊಬ್ಬ ಹೇಳಿದ: “ಇವನ ಕೈಲಿ ಆಗಲ್ಲ ಕಣೋ, ಬಾ ಹೋಗೋಣ.”

ಇನ್ನೊಬ್ಬ ಅವನ ಅಂಗಿ ಹಿಡಿದು ಎಳೆದ. “ನೀನು ಅತ್ತ ಹೋಗು, ಇವನು ಇತ್ತ ಗೋಲಿನ ಬಾಯಲ್ಲಿರ್ತಾನೆ. ಹೋದ ವರ್ಷ ನನ್ನನ್ನ ಹೀಗೇ ಏಮಾರಿಸಿದ್ದ.”

ಇಬ್ಬರೂ ಅಲ್ಲೇ ಉಳಿದರು.

ಅಷ್ಟರಲ್ಲಿ ಎಡಗಡೆ ಖಾಲಿಯಾಗಿತ್ತು. ಹಾಲ್ವರ್‌ನ ತಂಡದಲ್ಲಿ ಯಾರ ಗಮನಕ್ಕೂ ಬಾರದ ಎಮಿಲ್ ಎಂಬ ಆಟಗಾರ ಆ ಖಾಲಿ ಜಾಗದಲ್ಲಿ ನುಗ್ಗಿ ಗೋಲು ಹೊಡೆದ. ಕಪ್ ಬಂತು.

ಜನ ಎಮಿಲ್‌ನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಮೈದಾನದಲ್ಲಿ ಉಳಿದವರು ಗುರು, ಶಿಷ್ಯ ಇಬ್ಬರೇ.

“ಗೋಲು ಎಮಿಲ್‌ದು, ಬೈಗುಳ ನಂದು,” ಎಂದ ಹಾಲ್ವರ್.

“ಕಪ್ ಯಾರದು?”

ಹಾಲ್ವರ್ ನಕ್ಕ. ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

“ಈ ಮಂಡಿ ಸರಿಹೋಗಲ್ಲ ಗುರುಗಳೇ. ಮುಂದಿನ ವರ್ಷಕ್ಕೆ ಇದು ಅವರಿಗೂ ತಿಳಿದಿರುತ್ತೆ. ಆಗ ನನ್ನನ್ನ ಕಾಯೋಕೆ ಯಾರೂ ಬರಲ್ಲ.”

“ಬರಲ್ಲ. ಅಷ್ಟರೊಳಗೆ ನಿನ್ನ ಆಟ ಕಲಿಸಿ, ಅವರು ಎಮಿಲ್‌ಗೆ ಹೆದರೋ ಹಾಗೆ ಮಾಡು. ಬೆಳಿಗ್ಗೆ ಅವನನ್ನ ಕರ್ಕೊಂಡು ಬಾ. ಕುಂಟ್ಕೊಂಡೇ ಬಾ.”