ಮೊಹರು ಒತ್ತಿದ ತಾರೀಖು

ಕಚೇರಿಯ ದಾಖಲೆ ಕೋಣೆಯಲ್ಲಿ ತಿಂಗಳಿಗೊಂದು ಕಟ್ಟು. ಯಾವ ಕಾಗದ ಯಾವ ಕಟ್ಟಿಗೆ ಎಂದು ತೀರ್ಮಾನಿಸುವುದು ತಾರೀಖಿನ ಮೊಹರು. ಜೂನಿನಲ್ಲಿ ತಡವಾಗಿ ಬಂದ ಜನನದ ವರದಿಯೊಂದು, "ಅಯ್ಯಾ, ಮಗು ಹುಟ್ಟಿದ್ದು ಮಾರ್ಚಿನಲ್ಲಿ. ನನ್ನನ್ನು ಅಲ್ಲಿಗೇ ಕಳಿಸಿ" ಎಂದು ಬೇಡಿತು.

"ನೀನು ನನ್ನೆದುರು ಬಂದ ದಿನವೇ ನಿನ್ನ ದಿನ" ಎಂದ ಮೊಹರು, ಜೂನ್ ಎಂದೇ ಒತ್ತಿತು.

ಆರು ವರ್ಷದ ಮೇಲೆ ಆ ಮಗುವಿನ ತಾಯಿ ಹುಲಿಗೆವ್ವ ಮಗಳನ್ನು ಶಾಲೆಗೆ ಸೇರಿಸಲು ಜನನ ಪತ್ರ ಕೇಳಿ ಬಂದಳು. ಗುಮಾಸ್ತ ಮಾರ್ಚಿನ ಕಟ್ಟು ಬಿಚ್ಚಿ, ಹಾಳೆ ಹಾಳೆ ತಿರುವಿ, "ನಮ್ಮ ದಾಖಲೆಯಲ್ಲಿ ಈ ಮಗು ಹುಟ್ಟೇ ಇಲ್ಲಮ್ಮ" ಎಂದ.

ಹುಲಿಗೆವ್ವ ಪಕ್ಕದಲ್ಲಿ ನಿಂತಿದ್ದ ಮಗಳ ತಲೆ ಮುಟ್ಟಿ ನೋಡಿಕೊಂಡಳು.

ಮೊಹರು ಶಾಯಿ ಪ್ಯಾಡಿನಲ್ಲಿ ಮುಖ ಹುದುಗಿಸಿತು. ಮರುದಿನ ಬಂದ ಮೊದಲ ಕಾಗದದ ಮೇಲೆ ಬೀಳುವ ಮುನ್ನ ತಗ್ಗಿದ ದನಿಯಲ್ಲಿ ಕೇಳಿತು: "ತಾವು ಯಾವ ದಿನದವರು?"