ಎಂಬತ್ತರ ಮೇಲಿನ ನಡುಕ

ಮರುಳಸಿದ್ಧ ಕೇಳಿದ: “ಗುರುಗಳೇ, ಕಾರಣ ಗೊತ್ತಾದರೆ ದುಃಖ ಕಡಿಮೆಯಾಗುತ್ತದೆಯೇ?”

ಅವನ ತಂಗಿ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಜ್ವರ ಬಂದು ಮಲಗಿದವಳು ಏಳಲೇ ಇಲ್ಲ. ಎಂಥ ಜ್ವರವೆಂದು ಹೇಳಲು ಯಾವ ವೈದ್ಯರಿಗೂ ಆಗಲಿಲ್ಲ. ಅದೊಂದು ತಿಳಿದುಬಿಟ್ಟರೆ ತನಗೆ ನಿದ್ದೆ ಬರುತ್ತದೆ ಎಂದು ಅವನು ನಂಬಿದ್ದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹೆದ್ದಾರಿಯ ಪಕ್ಕದ ಸಣ್ಣ ಊರಿನಲ್ಲಿ ಅವನ ಅಂಗಡಿ. ಮದುವೆ ಮನೆಗಳಿಗೆ ಪಾತ್ರೆಗಳನ್ನು ತಾನೇ ಒಯ್ದು ಕೊಡುತ್ತಿದ್ದ. ಅದಕ್ಕೆಂದು ಒಂದು ಹಳೆಯ ಕಾರು ಇಟ್ಟುಕೊಂಡಿದ್ದ. ಹೆಂಡತಿ ದಾಕ್ಷಾಯಣಿ ಪಾತ್ರೆಗಳು ಉರುಳದಂತೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಹೋಗುವಾಗ ಬರುವಾಗ ಇಬ್ಬರದೂ ಮಾತೇ ಮಾತು.

ಒಂದು ಮಳೆಗಾಲ ಕಳೆದ ಮೇಲೆ ಕಾರು ನಡುಗಲು ಶುರುವಾಯಿತು. ಊರೊಳಗೆ ಏನೂ ಇಲ್ಲ. ಹೆದ್ದಾರಿಯಲ್ಲಿ ವೇಗ ಎಪ್ಪತ್ತರವರೆಗೂ ಏನೂ ಇಲ್ಲ. ಎಂಬತ್ತು ಮುಟ್ಟಿತೆಂದರೆ ಕೆಳಗಿನಿಂದ ಗುಂಯ್ ಎಂಬ ಸದ್ದು ಏಳುತ್ತಿತ್ತು. ತೊಂಬತ್ತಕ್ಕೆ ಪಾತ್ರೆಗಳೆಲ್ಲ ಗಲಗಲ ಅನ್ನುತ್ತಿದ್ದವು. ವೇಗ ಇಳಿಸಿದರೆ ಎಲ್ಲವೂ ಶಾಂತ.

“ನನ್ನ ಸೀಟಿನ ಕೆಳಗೇ ನಡುಗುತ್ತದೆ ರೀ. ಹಿಂದಿನ ಚಕ್ರವನ್ನು ನೋಡಲು ಹೇಳಿ,” ಎಂದಳು ದಾಕ್ಷಾಯಣಿ.

ಅವನು ಮೆಕ್ಯಾನಿಕ್‌ಗೆ ಹಾಗೆಯೇ ಹೇಳಿದ. ಮೆಕ್ಯಾನಿಕ್ ಬಗ್ಗಿ ಹಿಂದಿನ ಚಕ್ರಗಳನ್ನು ನೋಡಿದ, ಕೈಯಿಂದ ಅಲ್ಲಾಡಿಸಿದ. ಗಟ್ಟಿಯಾಗಿದ್ದವು. ಇಂಥದ್ದು ಸಾಮಾನ್ಯವಾಗಿ ಮುಂದಿನಿಂದಲೇ ಬರುತ್ತದೆ ಎಂದು ಮುಂದಿನ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದ. ನಡುಕ ಹೋಗಲಿಲ್ಲ. ಇನ್ನೊಬ್ಬ ಮುಂದಿನ ಟೈರು ಬದಲಿಸಿದ, ಬೇರಿಂಗ್ ಬದಲಿಸಿದ. ನಡುಕ ಹೋಗಲಿಲ್ಲ. ಬೇರೊಬ್ಬ, ವಯಸ್ಸಾದ ಕಾರು ಇಷ್ಟೂ ನಡುಗದಿದ್ದರೆ ಹೇಗೆ ಎಂದು ನಕ್ಕು ಕಳಿಸಿದ.

ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಜೊತೆಯಲ್ಲಿ ಕೂತು ಹೆದ್ದಾರಿಯವರೆಗೆ ಬಂದ. ಕಣ್ಣು ಮುಚ್ಚಿ ಕೇಳಿದ. ಅವನ ಮುಖ ಗಂಭೀರವಾಯಿತು.

“ಆಕ್ಸಲ್ ಬಿರುಕು ಬಿಟ್ಟಿದೆಯೇನೋ. ಜೋರಾಗಿ ಹೋಗುವಾಗ ಮುರಿದರೆ ಚಕ್ರವೇ ಕಳಚಿ ಹೋಗುತ್ತದೆ. ಹಳೆಯ ಮಾಡೆಲ್, ಸಾಮಾನು ಸುಲಭಕ್ಕೆ ಸಿಗುವುದಿಲ್ಲ. ನಾನು ಹುಡುಕಿಸುತ್ತೇನೆ. ಅಲ್ಲಿಯವರೆಗೆ ಎಪ್ಪತ್ತು ದಾಟಿಸಬೇಡಿ,” ಎಂದ.

ಅವನು ಒಳ್ಳೆಯ ಮನುಷ್ಯ. ತಿಳಿದದ್ದನ್ನು ಹೇಳಿದ್ದ. ವ್ಯಾಪಾರಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡ.

ಒಂದು ಮಧ್ಯಾಹ್ನ ದಾಕ್ಷಾಯಣಿ ಊಟಕ್ಕೆ ಬಡಿಸುತ್ತಿದ್ದಳು. ಕೈಯಿಂದ ಸೌಟು ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಏಳಲಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಓಡಿಬಂದ ಊರಿನ ವೈದ್ಯ ನೋಡಿ ಹೇಳಿದ: “ಇದು ಮೆದುಳಿನದು. ಈಗಲೇ ನಗರಕ್ಕೆ ಒಯ್ಯಿರಿ. ಎಷ್ಟು ಬೇಗ ಮುಟ್ಟಿಸುತ್ತೀರೋ ಅಷ್ಟು ಒಳ್ಳೆಯದು.”

ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ವ್ಯಾಪಾರಿ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ.

ಹೆದ್ದಾರಿಯಲ್ಲಿ ದಟ್ಟಣೆಯಿರಲಿಲ್ಲ. ಅವನು ಕಾಲಿನ ಬಲವೆಲ್ಲ ಹಾಕಿ ಒತ್ತಿದ. ಎಂಬತ್ತಕ್ಕೆ ಸದ್ದು ಎದ್ದಿತು. ತೊಂಬತ್ತಕ್ಕೆ ಕಾರೆಲ್ಲ ನಡುಗಿತು. ಮಲಗಿದ್ದವಳ ತಲೆ ಸೀಟಿನ ಮೇಲೆ ಅದುರುತ್ತಿತ್ತು. ಚಕ್ರ ಕಳಚಿ ಕಾರು ಮಗುಚಿಕೊಳ್ಳುವುದು ಅವನ ಕಣ್ಣಿಗೆ ಕಟ್ಟಿತು. ಹಾಗೇನಾದರೂ ಆದರೆ ತಾನೇ ಇವಳನ್ನು ಕೊಂದ ಹಾಗೆ ಎಂದುಕೊಂಡ. ಕಾಲು ಸಡಿಲಿಸಿದ. ಮುಳ್ಳು ಎಪ್ಪತ್ತಕ್ಕೆ ಇಳಿಯಿತು. ಮತ್ತೆ ಒತ್ತಿದ. ಮತ್ತೆ ಇಳಿಸಿದ. ಲಾರಿಗಳು, ಬಸ್ಸುಗಳು ಅವನನ್ನು ದಾಟಿಕೊಂಡು ಹೋದವು.

ದಾಕ್ಷಾಯಣಿ ಏನೋ ಹೇಳಲು ಒದ್ದಾಡಿದಳು. ನಾಲಿಗೆ ಹೊರಳುತ್ತಿರಲಿಲ್ಲ. ಒಂದೇ ಮಾತು ಬಂತು.

“ಹಿಂದೆ... ಹಿಂದೆ...”

“ಹಿಂದಕ್ಕೆ ಹೋಗೋದು ಬೇಡ ಕಣೇ, ಇನ್ನೇನು ಬಂದೇಬಿಟ್ಟಿತು. ಸ್ವಲ್ಪ ತಡೆದುಕೋ,” ಎಂದ ಅವನು.

ಅವಳು ಮತ್ತೆ ಮಾತಾಡಲಿಲ್ಲ. ಮನೆಗೆ ಹೋಗೋಣ ಎಂದಳೋ, ಹಿಂದಿನ ಚಕ್ರ ಎಂದಳೋ, ಅವನಿಗೆ ಎಂದಿಗೂ ತಿಳಿಯಲಿಲ್ಲ.

ಆಸ್ಪತ್ರೆ ಮುಟ್ಟುವಾಗ ದೀಪ ಹಚ್ಚಿದ್ದರು. ಅಲ್ಲಿನ ವೈದ್ಯೆ ಪರೀಕ್ಷೆ ಮಾಡಿ ಹೊರಗೆ ಬಂದಳು. ಸ್ವಲ್ಪ ಮುಂಚೆ ಬಂದಿದ್ದರೆ ಕೊಡುವ ಇಂಜೆಕ್ಷನ್ ಒಂದಿತ್ತು, ಈಗ ಅದನ್ನು ಕೊಡುವ ಹಾಗಿಲ್ಲ ಎಂದಳು. ದಾಕ್ಷಾಯಣಿ ಕಣ್ಣು ತೆರೆಯದೆ ಕೆಲವು ದಿನ ಇದ್ದಳು. ಆಮೇಲೆ ಹೋದಳು.

ವ್ಯಾಪಾರಿ ಅಂಗಡಿ ತೆರೆಯುವುದನ್ನು ಬಿಟ್ಟ. ಕಾರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮಾರಿಬಿಡಲು ನೋಡಿದ. ಕೊಳ್ಳಲು ಬಂದವನು ಹೆದ್ದಾರಿಯಲ್ಲಿ ಓಡಿಸಿ ನೋಡಿ, ನಡುಕ ಸರಿಮಾಡಿಸಿ ಆಮೇಲೆ ಹೇಳಿ ಎಂದು ಹೋದ.

ದಾರಿಬದಿಯಲ್ಲಿ ಒಂದು ಪಂಕ್ಚರ್ ಅಂಗಡಿ ಇತ್ತು. ವ್ಯಾಪಾರಿ ಅಲ್ಲಿ ಕಾರು ನಿಲ್ಲಿಸಿದ. ಅಂಗಡಿಯವನಿಗೆ ಅಂದು ಬೇರೆ ಕೆಲಸವಿರಲಿಲ್ಲ. ನಾಲ್ಕು ಚಕ್ರಗಳನ್ನೂ ಬಿಚ್ಚಿ ನೆಲಕ್ಕೆ ಹಾಕಿದ. ಹಿಂದಿನ ಬಲ ಚಕ್ರದ ಒಳಮಗ್ಗುಲಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ, ಅಂಗೈಯಷ್ಟು ಎರೆಮಣ್ಣು ಅಂಟಿ ಒಣಗಿ ಇಟ್ಟಿಗೆಯಂತಾಗಿತ್ತು.

“ಮಳೆಗಾಲದಲ್ಲಿ ಎಲ್ಲೋ ಹೊಲದಲ್ಲಿ ಹೂತುಕೊಂಡಿತ್ತಾ?” ಎಂದು ಕೇಳಿದ.

ಹೂತಿತ್ತು. ಯಾರದೋ ಮದುವೆಗೆ ಪಾತ್ರೆ ಕೊಡಲು ಹೋದಾಗ. ಗಂಡ ಹೆಂಡತಿ ಇಬ್ಬರೂ ಸೇರಿ ನೂಕಿ ಎತ್ತಿದ್ದರು. ಮೈಯೆಲ್ಲ ಕೆಸರಾಗಿ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದರು.

“ಇಷ್ಟೇ ನೋಡಿ. ಒಂದು ಕಡೆ ಭಾರ. ಜೋರಾಗಿ ತಿರುಗಿದಾಗ ಅದುರುತ್ತದೆ.” ಅವನು ಸ್ಕ್ರೂಡ್ರೈವರ್ ಹಾಕಿ ಮೀಟಿದ. ಹೆಂಟೆ ಕೆಳಗೆ ಬಿದ್ದು ಪುಡಿಯಾಯಿತು.

“ಆಕ್ಸಲ್?”

“ಆಕ್ಸಲ್ ಚೆನ್ನಾಗಿದೆ.”

ವ್ಯಾಪಾರಿ ಬಹಳ ಹೊತ್ತು ಆ ಮಣ್ಣನ್ನೇ ನೋಡಿದ. ಆಮೇಲೆ ಕೇಳಿದ: “ಇದು ಇದ್ದಾಗಲೂ ಜೋರಾಗಿ ಓಡಿಸಬಹುದಿತ್ತೇ?”

“ಓಡಿಸಬಹುದಿತ್ತು. ಕಾರು ನಡುಗುತ್ತಿತ್ತು, ಅಷ್ಟೇ.”

ಚಕ್ರಗಳನ್ನು ಮತ್ತೆ ಹಾಕಿಸಿ, ದಾಕ್ಷಾಯಣಿಯನ್ನು ಒಯ್ದಿದ್ದ ಅದೇ ಮಧ್ಯಾಹ್ನದ ಹೊತ್ತಿಗೆ ಅವನು ಕಾರು ಹತ್ತಿ ನಗರದ ಕಡೆ ಹೊರಟ. ಎಂಬತ್ತಾಯಿತು. ತೊಂಬತ್ತಾಯಿತು. ನೂರು ದಾಟಿತು. ಕಾರಿನಲ್ಲಿ ಸದ್ದೇ ಇರಲಿಲ್ಲ. ಏನಾದರೂ ಸದ್ದಾಗಲಿ ಎಂದು ಅವನು ಕಾಯುತ್ತಿದ್ದ. ಅದೇ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಾಗ ಇನ್ನೂ ಬಿಸಿಲಿತ್ತು.

ಕಾವಲುಗಾರ ಗಾಲಿಕುರ್ಚಿ ತಳ್ಳಿಕೊಂಡು ಓಡಿಬಂದ. ಹಿಂದಿನ ಬಾಗಿಲು ತೆರೆದು ನೋಡಿದ.

“ಪೇಷಂಟ್ ಎಲ್ಲಿ ಸಾರ್?”

ಅವನು ಸ್ಟೇರಿಂಗ್ ಮೇಲೆ ತಲೆಯಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮರುಳಸಿದ್ಧ ಕಾದ. ಆಮೇಲೆ ಮೆಲ್ಲಗೆ ಹೇಳಿದ: “ಆದರೂ ಗುರುಗಳೇ, ಕೊನೆಗೆ ಅವನಿಗೆ ಕಾರಣವಾದರೂ ಸಿಕ್ಕಿತಲ್ಲ.”

“ಸಿಕ್ಕಿತು,” ಎಂದರು ಗುರುಗಳು, “ಕಾರು ನಡುಗಿದ್ದಕ್ಕೆ.”