ದ್ಯಾಮವ್ವನ ಕೊಸರು

ಒಂದೂರಲ್ಲಿ ಒಂದು ಸಂತೆಯಿತ್ತಂತೆ. ಊರಿಂದ ಸಂತೆಯೋ ಸಂತೆಯಿಂದ ಊರೋ ಅಂದರೆ, ಸಂತೆಯಿಂದಲೇ ಊರಂತೆ. ಹೊಲವಿಲ್ಲ, ತೋಟವಿಲ್ಲ, ಸುತ್ತ ಬರೀ ಕಲ್ಲುಗುಡ್ಡ. ಆದರೂ ದೂರದ ಹಳ್ಳಿಯವರು ಬೇರೆ ಸಂತೆ ಬಿಟ್ಟು ಅಲ್ಲಿಗೇ ಬರೋರು. ಯಾಕೆ? ಅಲ್ಲಿ ಕೊಸರು ಧಾರಾಳ. ಸೇರು ಅಳೆದು ಹಾಕಿದ ಮೇಲೆ, ಲೆಕ್ಕಕ್ಕಿಲ್ಲದ ಒಂದು ಹಿಡಿ. ಬೇರೆ ಕಡೆ ಗಿರಾಕಿ ಅದಕ್ಕಾಗಿ ಕೊಸರಾಡಬೇಕು. ಇಲ್ಲಿ ಕೇಳೋ ಮೊದಲೇ ಮಡಿಲಿಗೆ ಬೀಳ್ತಿತ್ತಂತೆ.

ಆ ನಾಡಿನ ಮಂತ್ರಿಗೆ ಊರು ಉದ್ಧಾರ ಮಾಡೋ ಹುಚ್ಚು. ಮಾಡಲಿ ಬಿಡಿ, ಊರವರನ್ನ ಒಂದು ಮಾತು ಕೇಳಬೇಡವೇ? ಸಂತೆಗೆ ಬಂದ, ಪಲ್ಲಕ್ಕಿಯಿಂದ ಇಳಿಯದೆಯೇ ನೋಡಿದ. "ಅಯ್ಯೋ, ಎಷ್ಟು ಕಾಳು ಪೋಲು! ಇನ್ನು ಕೊಸರು ಕೊಡೋದು ಅಪರಾಧ. ಆ ಹಿಡಿಯೆಲ್ಲ ಅರಮನೆ ಕಣಜಕ್ಕೆ ಬರಲಿ, ನಿಮಗೆ ಕಲ್ಲಿನ ಮಳಿಗೆ ಕಟ್ಟಿಸ್ತೀವಿ" ಅಂತ ಅರಸನ ಹೆಸರಲ್ಲಿ ಡಂಗುರ ಸಾರಿಸಿದನಂತೆ.

ಮಳಿಗೆ ಎದ್ದವು, ಗಿರಾಕಿ ಹೋದರು. ಬರೀ ಅಳತೆಗೆ ಅಷ್ಟು ದೂರ ಯಾರು ನಡೀತಾರೆ? ಕಡಲೆ ಮಾರೋ ದ್ಯಾಮವ್ವನ ಚೀಲ ತಂದ ಹಾಗೇ ಮನೆಗೆ ಹೋಗ್ತಿತ್ತು. ಒಲೆ ಹೊತ್ತಲಿಲ್ಲ. ಜನ ಊರು ಬಿಡೋಕೆ ಗಂಟು ಕಟ್ಟಿದರು.

ದ್ಯಾಮವ್ವನಿಗೆ ಸಿಟ್ಟು ಬಂತು. ಬರಬೇಕಾದ್ದೇ. ಮಳಿಗೆ ಬಿಟ್ಟು ಹಳೇ ಹುಣಸೇಮರದ ಬುಡದಲ್ಲಿ ಕೂತು, ದಾರೀಲಿ ಹೋಗೋರನ್ನ ಕರೆಕರೆದು ಕೊಸರು ಹಾಕಿದಳಂತೆ. ಭಟರು ಅರಸನ ಮುಂದೆ ಎಳೆತಂದರು.

"ಅಪ್ಪಣೆ ಗೊತ್ತಿಲ್ವಾ?" ಅಂದ ಅರಸ.

"ಗೊತ್ತೈತಿ ದೊರಿ. ಸೇರಿನ ಮ್ಯಾಲೆ ನಿನ್ನ ಮುದ್ರಿ ಐತಿ, ಅಳತಿ ನಿಂದು. ನನ್ನ ಕೈ ಮ್ಯಾಲೆ ಯಾರ ಮುದ್ರಿ ಐತಿ? ಕೊಸರು ನಂದು."

ಅರಸ ಕೆಂಡವಾದ. "ಅಳತೆ ಮೀರಿದರೆ ಯಾರಿಗಾದರೂ ಶಿಕ್ಷೆಯೇ! ಮುಂದಿನ ಸಂತೆಗೆ ನಾನೇ ಬಂದು ನಿನ್ನ ಅಂಗಡಿ ಕೀಳಿಸ್ತೀನಿ."

ಅರಸನ ಪಲ್ಲಕ್ಕಿ ಹೊರೋರು ದ್ಯಾಮವ್ವನ ಊರಿನವರೇ. ಆ ಮಾತು ಕೇಳಿಸಿಕೊಂಡರು.

ಸಂತೆ ದಿನ ಅರಸ ಹೊರಟ. ಹೊರೋರ ಕರಾರು ಊರ ಗಡಿ ತನಕ. ಗಡಿ ಇರೋದು ಊರ ಮುಂದಿನ ಹಳ್ಳದ ನಟ್ಟನಡುವೆ. ಆಚೆ ದಡಕ್ಕೆ ಮುಟ್ಟಿಸ್ತಿದ್ದದ್ದು ಅವರ ಪ್ರೀತಿ. ಅವತ್ತು ನಡುನೀರಲ್ಲೇ ಪಲ್ಲಕ್ಕಿ ಇಳಿಸಿಬಿಟ್ಟರಂತೆ.

"ಎತ್ರೋ!" ಅಂತ ಅರಸ ಕಿರುಚಿದ.

"ಅಳತಿ ಮುಗೀತು ದೊರಿ. ಇನ್ನೊಂದು ಹೆಜ್ಜಿ ಇಟ್ರ ಕೊಸರು ಆಗ್ತೈತಿ. ಶಿಕ್ಷಾ ಕೊಡ್ತೀರಿ."

ನೀರು ಸೊಂಟಕ್ಕೆ ಬಂತು. ಕಿರೀಟ ಜಾರಿ ನೀರುಪಾಲಾಯ್ತು. ದಡದಲ್ಲಿ ದ್ಯಾಮವ್ವ ಕಡಲೆ ತಿನ್ನುತ್ತಾ ನಿಂತಿದ್ದಳು.

"ಅವ್ವಾ, ಎತ್ತೋಕೆ ಹೇಳು!"

"ಕೊಸರು ಬೇಕೇನು ದೊರಿ?"

"ಬೇಕು!"

"ಯಾರ್ದದು?"

"ನಿಮ್ದೇ ತಾಯೀ, ನಿಮ್ದೇ!"

ಆಮೇಲೆ ಎತ್ತಿದರು. ದಡಕ್ಕೆ ಬಂದ ಅರಸ ಅಪ್ಪಣೆ ಹಿಂದಕ್ಕೆ ತಗೊಂಡ. ಒದ್ದೆ ಬಟ್ಟೆಯಲ್ಲೇ ನಿಂತು, ಮೊದಲ ಸಲ ಕೇಳಿದನಂತೆ: "ನಿಮ್ಮೂರಿಗೆ ಏನು ಬೇಕವ್ವಾ?"

"ಈ ಹಳ್ಳಕ್ಕೊಂದು ಸೇತುವಿ" ಅಂದಳು ದ್ಯಾಮವ್ವ. "ಉಳಿದದ್ದು ನಾವು ನೋಡ್ಕೋತೀವಿ."

ಸೇತುವೆ ಆಯ್ತು, ಗಿರಾಕಿ ಬಂದರು, ಒಲೆ ಹೊತ್ತಿತು. ಕಲ್ಲು ಮಳಿಗೆಯಲ್ಲಿ ಈಗ ಮೇಕೆ ಮಲಗ್ತಾವಂತೆ. ಅವರು ಅಲ್ಲಿ ಕೊಡ್ತಾ ಚೆನ್ನಾಗಿದ್ದಾರೆ, ನಾವು ಇಲ್ಲಿ ಕೇಳ್ತಾ ಚೆನ್ನಾಗಿದ್ದೀವಿ. ಕಥೆ ಅಳತೆಗೆ ಮುಗೀತು. ಈ ಒಂದು ಮಾತು ಕೊಸರು.